ಲಿಥಿಯಂ-ಅಯಾನ್ ಬ್ಯಾಟರಿಯ ಎಲೆಕ್ಟ್ರೋಡ್ ಪೂರ್ವಸಂಸ್ಕರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಟರಿಯ ಮಾತು ಬಂದಾಗಲೆಲ್ಲ ಎದುರಾಗುವ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ, ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು ತಪ್ಪದೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು, ಕಠಿಣವಾದವು ಆಮೇಲೆ ಬರುತ್ತವೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೊದಲ ಹೆಜ್ಜೆಯ ಪ್ರಶ್ನೆಗಳು

ಎಲೆಕ್ಟ್ರೋಡ್ ಪೂರ್ವಸಂಸ್ಕರಣೆ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಎಲೆಕ್ಟ್ರೋಡ್ ಎಂಬುದು ತೆಳುವಾದ ಲೋಹದ ಹಾಳೆಯ ಮೇಲೆ ಹರಡಿದ ಪುಡಿಯ ಲೇಪ. ಆನೋಡಿಗೆ, ಎಂದರೆ ಋಣ ಎಲೆಕ್ಟ್ರೋಡಿಗೆ, ತಾಮ್ರದ ಹಾಳೆ, ಅದರ ಮೇಲೆ ಹೆಚ್ಚಾಗಿ ಗ್ರಾಫೈಟ್. ಕ್ಯಾಥೋಡಿಗೆ, ಎಂದರೆ ಧನ ಎಲೆಕ್ಟ್ರೋಡಿಗೆ, ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಲಿಥಿಯಂ ತುಂಬಿದ ಲೋಹದ ಆಕ್ಸೈಡ್ ಅಥವಾ ಫಾಸ್ಫೇಟ್. ಈ ಹಾಳೆ, ಈ ಪುಡಿ ಅಥವಾ ಸಿದ್ಧವಾದ ಲೇಪ, ಮೂರರಲ್ಲಿ ಯಾವುದಕ್ಕಾದರೂ ಸೆಲ್ ಬಳಕೆಗೆ ಇಳಿಯುವ ಮುನ್ನ ಉದ್ದೇಶಪೂರ್ವಕವಾಗಿ ಕೊಡುವ ಸಂಸ್ಕಾರಗಳಿಗೆಲ್ಲ ಪೂರ್ವಸಂಸ್ಕರಣೆ ಎನ್ನುತ್ತೇವೆ. ನಿರ್ವಾತದಲ್ಲಿ ಒಣಗಿಸುವುದು, ಹಾಳೆಯ ಮೇಲ್ಮೈಯನ್ನು ಶುಚಿಗೊಳಿಸುವುದು, ಕಣಗಳಿಗೆ ಕೆಲವೇ ನ್ಯಾನೋಮೀಟರ್ ದಪ್ಪದ ರಕ್ಷಣಾ ಪದರ ಕೊಡುವುದು, ಆನೋಡಿಗೆ ಮುಂಗಡವಾಗಿ ಲಿಥಿಯಂ ತುಂಬುವುದು, ಲೇಸರಿನಿಂದ ಸೂಕ್ಷ್ಮ ರಂಧ್ರಗಳನ್ನು ಕೊರೆಯುವುದು, ಇವೆಲ್ಲವೂ ಈ ಹೆಸರಿನಡಿಯೇ ಬರುತ್ತವೆ. ಕೆಲಸಗಳು ಬೇರೆ ಬೇರೆಯಾದರೂ ಗುರಿ ಹೆಚ್ಚುಕಡಿಮೆ ಒಂದೇ: ಎಲೆಕ್ಟ್ರೋಡಿನ ಮೇಲ್ಮೈಗೂ ಎಲೆಕ್ಟ್ರೋಲೈಟಿಗೂ (ಎಲೆಕ್ಟ್ರೋಡುಗಳ ನಡುವೆ ಲಿಥಿಯಂ ಅಯಾನುಗಳನ್ನು ಸಾಗಿಸುವ ದ್ರವ) ಮೊದಲ ಬಾರಿ ಸಂಪರ್ಕ ಆಗುವಾಗ ಅನಗತ್ಯ ಪ್ರತಿಕ್ರಿಯೆಗಳಿಗೆ ಲಿಥಿಯಂ ಪೋಲಾಗದಂತೆ ನೋಡಿಕೊಳ್ಳುವುದು.

ಹೊಸ ಫೋನನ್ನು ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಬೇಕು ಅನ್ನುತ್ತಾರಲ್ಲ, ಅದೂ ಇದೇ ಏನು?

ಅಲ್ಲ. ಆ ಸಲಹೆ ನಿಕಲ್ ಆಧಾರಿತ ಹಳೆಯ ಬ್ಯಾಟರಿಗಳ ಕಾಲದ್ದು. ಲಿಥಿಯಂ-ಅಯಾನ್ ಸೆಲ್ಲಿನ ಮೊದಲ ಚಾರ್ಜ್ ಕಾರ್ಖಾನೆಯಲ್ಲೇ, ಫಾರ್ಮೇಶನ್ ಎಂಬ ಹಂತದಲ್ಲಿ, ನಿಯಂತ್ರಿತ ಉಷ್ಣತೆಯಲ್ಲಿ ನಿಧಾನವಾಗಿ ನಡೆದು ಮುಗಿದಿರುತ್ತದೆ. ಬಳಕೆದಾರರು ಮನೆಯಲ್ಲಿ ಮಾಡುವ ಮೊದಲ ಚಾರ್ಜಿಗೆ ವಿಶೇಷ ಮಹತ್ವವೇನೂ ಇಲ್ಲ.

ಮೊದಲ ಚಾರ್ಜಿನಲ್ಲೇ ಸ್ವಲ್ಪ ಸಾಮರ್ಥ್ಯ ಕಳೆದುಹೋಗುತ್ತದೆ ಎಂದು ಓದಿದೆ. ಅದು ಎಲ್ಲಿಗೆ ಹೋಗುತ್ತದೆ?

ಅದು ಸೆಲ್ಲಿನಿಂದ ಹೊರಗೆ ಹೋಗುವುದಿಲ್ಲ. ಕೆಲಸಕ್ಕೆ ಬಾರದ ರೂಪದಲ್ಲಿ ಒಳಗೇ ಉಳಿಯುತ್ತದೆ. ಗ್ರಾಫೈಟಿನೊಳಗೆ ಲಿಥಿಯಂ ಸೇರುವುದು ಲಿಥಿಯಂ ಲೋಹಕ್ಕೆ ಹೋಲಿಸಿದರೆ ಸುಮಾರು 0.1 ವೋಲ್ಟ್ ಮಟ್ಟದಲ್ಲಿ. ಎಲೆಕ್ಟ್ರೋಲೈಟಿನ ಮುಖ್ಯ ದ್ರಾವಕವಾದ ಎಥಿಲೀನ್ ಕಾರ್ಬೊನೇಟ್ ಸುಮಾರು 0.8 ವೋಲ್ಟಿನಲ್ಲೇ ವಿಭಜನೆಗೊಳ್ಳಲು ತೊಡಗುತ್ತದೆ. ಎಂದರೆ ಮೊದಲ ಚಾರ್ಜಿನಲ್ಲಿ ಆನೋಡಿನ ವೋಲ್ಟೇಜು ಕೆಳಗಿಳಿಯುವ ಹಾದಿಯಲ್ಲೇ ದ್ರಾವಕ ಒಡೆದು, ಲಿಥಿಯಂ ಜೊತೆ ಕೂಡಿ, ಗ್ರಾಫೈಟ್ ಕಣದ ಮೇಲೆ ಕೆಲವು ಹತ್ತು ನ್ಯಾನೋಮೀಟರ್‌ಗಳವರೆಗಿನ ತೆಳುಪೊರೆಯಾಗಿ ಕೂರುತ್ತದೆ. ಇದೇ ಎಸ್‌ಇಐ ಪದರ. ಕ್ಷಾರ ಲೋಹಗಳ ಮೇಲಿನ ಇಂಥ ಪೊರೆಗೆ 1979ರಲ್ಲಿ ಈ ಮಾದರಿಯನ್ನು ಮುಂದಿಟ್ಟವರು ಇಮ್ಯಾನುಯೆಲ್ ಪೆಲೆಡ್.

ಈ ಪೊರೆಗೆ ಸೇರಿಹೋದ ಲಿಥಿಯಂ ಮತ್ತೆ ಕ್ಯಾಥೋಡಿಗೆ ಮರಳದು. ಒಳ್ಳೆಯ ಗ್ರಾಫೈಟಿನಲ್ಲಿ ಮೊದಲ ಆವರ್ತದ (ಒಂದು ಚಾರ್ಜ್, ಒಂದು ಡಿಸ್ಚಾರ್ಜ್) ನಷ್ಟ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು. ಸಿಲಿಕಾನ್ ಅಥವಾ ಸಿಲಿಕಾನ್ ಆಕ್ಸೈಡ್ ಹೆಚ್ಚಾಗಿರುವ ಆನೋಡುಗಳಲ್ಲಿ ಅದು ಶೇ. 20ನ್ನು ದಾಟುವುದು ಅಪರೂಪವಲ್ಲ. ಸೆಲ್ಲಿನಲ್ಲಿ ಶಕ್ತಿ ಸಂಗ್ರಹಕ್ಕೆ ಬಳಕೆಯಾಗುವ ಲಿಥಿಯಂ ಎಲ್ಲವೂ ಕ್ಯಾಥೋಡಿನ ಜೊತೆ ಬಂದದ್ದೇ ಆದ್ದರಿಂದ ಈ ನಷ್ಟವನ್ನು ತುಂಬಿಕೊಡಲು ಬೇರೆ ಮೂಲವಿರುವುದಿಲ್ಲ.

ಎಸ್‌ಇಐ ಪದರ ನಷ್ಟದ ಬಾಬತ್ತೇ ಆದರೆ ಅದು ಆಗದ ಹಾಗೆಯೇ ತಡೆದುಬಿಟ್ಟರೆ ಆಗದೇ?

ಆಗದು, ಆಗಲೂಬಾರದು. ಈ ಪದರ ಲಿಥಿಯಂ ಅಯಾನುಗಳನ್ನು ದಾಟಲು ಬಿಡುತ್ತದೆ, ಇಲೆಕ್ಟ್ರಾನುಗಳನ್ನು ಬಿಡುವುದಿಲ್ಲ. ಹಾಗಾಗಿ ಒಮ್ಮೆ ಸರಿಯಾಗಿ ಕೂತರೆ ದ್ರಾವಕದ ವಿಭಜನೆ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ಅದು ಸರಿಯಾಗಿ ಕೂರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರೊಪಿಲೀನ್ ಕಾರ್ಬೊನೇಟ್ ಸ್ಪಷ್ಟವಾದ ಉದಾಹರಣೆ. ಎಥಿಲೀನ್ ಕಾರ್ಬೊನೇಟಿಗಿಂತ ಒಂದೇ ಒಂದು ಮೀಥೈಲ್ ಗುಂಪು ಹೆಚ್ಚಾಗಿರುವ ಈ ದ್ರಾವಕ ಗ್ರಾಫೈಟಿನ ಮೇಲೆ ಗಟ್ಟಿಯಾದ ಪೊರೆಯನ್ನು ಕಟ್ಟುವುದಿಲ್ಲ. ಲಿಥಿಯಂ ಜೊತೆ ತಾನೂ ಪದರಗಳ ನಡುವೆ ನುಗ್ಗಿ ಗ್ರಾಫೈಟನ್ನು ಎಳೆ ಎಳೆಯಾಗಿ ಬಿಡಿಸಿಬಿಡುತ್ತದೆ. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಸೆಲ್ಲುಗಳಲ್ಲಿ ಗ್ರಾಫೈಟಿನ ಬದಲು ಅಷ್ಟು ಕ್ರಮಬದ್ಧ ರಚನೆಯಿಲ್ಲದ ಇಂಗಾಲವಿದ್ದುದಕ್ಕೆ ಇಂಥ ತೊಡಕುಗಳೂ ಕಾರಣ. ಆದ್ದರಿಂದ ಕಡಿಮೆ ಲಿಥಿಯಂ ಬಳಸಿಕೊಂಡು ತೆಳುವಾದ, ಬಿರುಕಿಲ್ಲದ, ಬಾಳಿಕೆ ಬರುವ ಪೊರೆ ಕಟ್ಟುವಂತೆ ಮಾಡುವುದೇ ಪೂರ್ವಸಂಸ್ಕರಣೆಯ ಕೆಲಸ.

ನನ್ನ ಸೆಲ್ಲಿನ ಕೂಲಂಬಿಕ್ ದಕ್ಷತೆ ಶೇ. 99.9 ಬಂದಿದೆ. ಇಷ್ಟು ಸಾಲದೇ?

ಕೂಲಂಬಿಕ್ ದಕ್ಷತೆ ಎಂದರೆ ಚಾರ್ಜಿನಲ್ಲಿ ತುಂಬಿದ ವಿದ್ಯುದಾವೇಶದಲ್ಲಿ ಡಿಸ್ಚಾರ್ಜಿನಲ್ಲಿ ಮರಳಿ ಸಿಗುವ ಪಾಲು. ಲೆಕ್ಕ ಹಾಕಿ ನೋಡಿ. ಪ್ರತಿ ಆವರ್ತದಲ್ಲಿ ಶೇ. 99.9ರಷ್ಟು ಲಿಥಿಯಂ ಮಾತ್ರ ಹಿಂತಿರುಗಿ, ಉಳಿದದ್ದು ಶಾಶ್ವತವಾಗಿ ಕಳೆದುಹೋದರೆ, 1000 ಆವರ್ತಗಳ ಕೊನೆಗೆ ಉಳಿಯುವುದು ಸುಮಾರು ಶೇ. 37 ಮಾತ್ರ. ಶೇ. 99.99 ಆದರೆ ಸುಮಾರು ಶೇ. 90 ಉಳಿಯುತ್ತದೆ. 1000 ಆವರ್ತಗಳಿಗೆ ಶೇ. 80 ಉಳಿಯಬೇಕಾದರೆ ಬೇಕಾಗುವ ದಕ್ಷತೆ ಹೆಚ್ಚುಕಡಿಮೆ ಶೇ. 99.98. ಅಳತೆಯಾಗುವ ದಕ್ಷತೆಯ ಕೊರತೆಯೆಲ್ಲವೂ ಲಿಥಿಯಂ ನಷ್ಟವೇ ಆಗಿರಬೇಕೆಂದಿಲ್ಲ, ಎರಡು ಎಲೆಕ್ಟ್ರೋಡುಗಳ ನಡುವಿನ ಅಡ್ಡಪ್ರತಿಕ್ರಿಯೆಗಳೂ ಅದರಲ್ಲಿ ಸೇರಿರುತ್ತವೆ. ಆದರೂ ದಶಮಾಂಶದ ಎರಡನೆಯ ಸ್ಥಾನ ಏಕೆ ಮುಖ್ಯ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಸಾಧಾರಣ ಪರೀಕ್ಷಾ ಯಂತ್ರಗಳ ನಿಖರತೆ ಎಷ್ಟೋ ಸಲ ಆ ಸ್ಥಾನವನ್ನು ನಂಬುವಷ್ಟು ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಹಳೆಯದಾಗಿ ಸೊರಗಿದ ಬ್ಯಾಟರಿಗೆ ಈ ಸಂಸ್ಕರಣೆ ಕೊಟ್ಟು ಮತ್ತೆ ಹೊಸದರಂತೆ ಮಾಡಬಹುದೇ? ಮನೆಯಲ್ಲೇ ಪ್ರಯತ್ನಿಸಬಹುದೇ?

ದಯವಿಟ್ಟು ಸೆಲ್ಲನ್ನು ಬಿಚ್ಚಬೇಡಿ. ಚಾರ್ಜ್ ಆಗಿರುವ ಆನೋಡ್ ಗಾಳಿ ಮತ್ತು ತೇವ ತಗುಲಿದರೆ ಬಿಸಿಯೇರುತ್ತದೆ, ಹೊತ್ತಿಕೊಳ್ಳಲೂಬಹುದು. ಎಲೆಕ್ಟ್ರೋಲೈಟಿನ ಲವಣ ನೀರಿನೊಡನೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗುತ್ತದೆ. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂಗೆ ಅಂಟಿಕೊಳ್ಳುವ ಆಮ್ಲ. ತಗುಲಿದ ಕೂಡಲೇ ನೋವು ಕಾಣದೆಯೂ ಇರಬಹುದು. ಹಳೆಯ ಕ್ಯಾಥೋಡ್ ಪುಡಿಗೆ ಮತ್ತೆ ಲಿಥಿಯಂ ತುಂಬಿ ಮರುಬಳಕೆ ಮಾಡುವ ವಿಧಾನಗಳು ಇವೆ, ಆದರೆ ಅವು ಸೆಲ್ಲನ್ನು ಸುರಕ್ಷಿತವಾಗಿ ಕಳಚಿ ಪುಡಿಯನ್ನು ಬೇರ್ಪಡಿಸಿದ ಮೇಲೆ ನಡೆಯುವ ಕಾರ್ಖಾನೆಯ ಕೆಲಸ.

## ಒಣಗಿಸುವುದು, ಹಾಳೆ, ಒತ್ತುವುದು

ಒಣಗಿಸುವುದನ್ನೂ ದೊಡ್ಡ ಸಂಸ್ಕರಣೆ ಅನ್ನುತ್ತೀರಲ್ಲ, ಅದರಲ್ಲಿ ಅಂಥದ್ದೇನಿದೆ?

ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಫಲ ಕೊಡುವ, ಅತಿ ಕಡಿಮೆ ಗಮನ ಪಡೆಯುವ ಹಂತ ಇದೇ. ಎಲೆಕ್ಟ್ರೋಲೈಟಿನಲ್ಲಿ ಸಾಮಾನ್ಯವಾಗಿ ಬಳಸುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಲವಣದ ಒಂದಂಶ ಸದಾ ಲಿಥಿಯಂ ಫ್ಲೋರೈಡ್ ಮತ್ತು ಫಾಸ್ಫರಸ್ ಪೆಂಟಾಫ್ಲೋರೈಡ್ ಆಗಿ ಒಡೆದಿರುತ್ತದೆ. ಈ ಪೆಂಟಾಫ್ಲೋರೈಡ್ ನೀರಿನ ಒಂದು ಅಣು ಸಿಕ್ಕರೆ ಹೈಡ್ರೋಫ್ಲೋರಿಕ್ ಆಮ್ಲದ ಎರಡು ಅಣುಗಳನ್ನು ಹುಟ್ಟಿಸುತ್ತದೆ. ತೂಕದ ಲೆಕ್ಕದಲ್ಲಿ 18 ಗ್ರಾಂ ನೀರಿಗೆ 40 ಗ್ರಾಂ ಆಮ್ಲ. ಆ ಆಮ್ಲ ಕ್ಯಾಥೋಡಿನಿಂದ ಮ್ಯಾಂಗನೀಸ್‌ನಂಥ ಲೋಹಗಳನ್ನು ಕರಗಿಸುತ್ತದೆ. ಕರಗಿದ ಮ್ಯಾಂಗನೀಸ್ ಆನೋಡಿಗೆ ಸಾಗಿ ಅಲ್ಲಿನ ಎಸ್‌ಇಐ ಪದರವನ್ನು ಕೆಡಿಸುತ್ತದೆ. ಕೆಟ್ಟ ಪದರವನ್ನು ಮತ್ತೆ ಕಟ್ಟಲು ಮತ್ತಷ್ಟು ಲಿಥಿಯಂ ಖರ್ಚಾಗುತ್ತದೆ. ಹೀಗೆ ಕ್ಯಾಥೋಡಿನಲ್ಲಿ ಉಳಿದ ತೇವದ ಬೆಲೆಯನ್ನು ಕೊನೆಗೆ ಆನೋಡು ತೆರುತ್ತದೆ.

ನೀರು ಅಡಗುವ ಜಾಗಗಳೂ ಬೇರೆ ಬೇರೆ. ಗ್ರಾಫೈಟ್ ಆನೋಡಿನಲ್ಲಿ ಬೈಂಡರ್ ಆಗಿ, ಎಂದರೆ ಪುಡಿಯನ್ನು ಹಿಡಿದಿಡುವ ಅಂಟಾಗಿ, ಬಳಸುವ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಸ್ವಭಾವದ್ದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಕ್ಯಾಥೋಡಿನ ಕಣಗಳು ಬಹಳ ಸಣ್ಣವಾದ್ದರಿಂದ ಅವುಗಳ ಒಟ್ಟು ಮೇಲ್ಮೈ ದೊಡ್ಡದು, ಅದಕ್ಕೆ ತಕ್ಕಂತೆ ಹೀರಿಕೊಳ್ಳುವ ತೇವವೂ ಹೆಚ್ಚು. ಒಣಗಿಸಿದ ಎಲೆಕ್ಟ್ರೋಡನ್ನು ಮಾಮೂಲಿ ಕೋಣೆಯ ಗಾಳಿಯಲ್ಲಿ ಕೆಲವೇ ನಿಮಿಷ ಇಟ್ಟರೂ ಅದು ತೇವವನ್ನು ಮರಳಿ ಎಳೆದುಕೊಳ್ಳುತ್ತದೆ. ಹಾಗಾಗಿಯೇ ಕೊನೆಯ ನಿರ್ವಾತ ಒಣಗಿಸುವಿಕೆಯ ನಂತರ ಎಲೆಕ್ಟ್ರೋಡು, ಮೈನಸ್ 40 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿನ ಇಬ್ಬನಿ ಬಿಂದುವಿರುವ ಒಣಕೋಣೆಯಿಂದ ಹೊರಗೆ ಬರಬಾರದು. ಉಳಿದ ತೇವವನ್ನು ಕಾರ್ಲ್ ಫಿಶರ್ ಟೈಟ್ರೇಶನ್ನಿನಿಂದ ಅಳೆಯುತ್ತಾರೆ. ಒಣಗಿಸಿದ ಗಂಟೆಗಳನ್ನಷ್ಟೇ ಬರೆದಿಟ್ಟು, ಉಳಿದ ತೇವವನ್ನು ಅಳೆಯದೆ ಬಿಟ್ಟ ಪ್ರಯೋಗದ ಫಲಿತಾಂಶಗಳನ್ನು ಹೋಲಿಸುವುದು ಕಷ್ಟ.

ಹಾಗಿದ್ದರೆ ಇನ್ನೂ ಹೆಚ್ಚು ಬಿಸಿ ಮಾಡಿದರೆ ಬೇಗ ಒಣಗುತ್ತದಲ್ಲ?

ಎರಡು ಒಣಗಿಸುವಿಕೆಗಳನ್ನು ಇಲ್ಲಿ ಬೇರೆ ಮಾಡಿ ನೋಡಬೇಕು. ಹಸಿ ಲೇಪವನ್ನು ಮೊದಲು ಒಣಗಿಸುವಾಗ ಅವಸರ ಮಾಡಿದರೆ ದ್ರಾವಕ ಮೇಲೇರುವಾಗ ಬೈಂಡರನ್ನೂ ಜೊತೆಗೇ ಎಳೆದೊಯ್ಯುತ್ತದೆ. ಲೇಪದ ಮೇಲ್ಭಾಗದಲ್ಲಿ ಬೈಂಡರ್ ಹೆಚ್ಚಾಗಿ ರಂಧ್ರಗಳು ಮುಚ್ಚುತ್ತವೆ. ಹಾಳೆಯ ಬಳಿ ಬೈಂಡರ್ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಆ ತಪ್ಪನ್ನು ಮುಂದಿನ ಯಾವ ಸಂಸ್ಕರಣೆಯೂ ಸರಿಪಡಿಸಲಾರದು.

ಜೋಡಣೆಗೆ ಮುಂಚಿನ ನಿರ್ವಾತ ಒಣಗಿಸುವಿಕೆಯಲ್ಲಿ ಮಿತಿ ಹಾಕುವುದು ಬೈಂಡರಿನ ಸಹನೆ. ಕ್ಯಾಥೋಡಿನಲ್ಲಿ ಹೆಚ್ಚಾಗಿ ಬಳಸುವ ಪಿವಿಡಿಎಫ್ ಬೈಂಡರ್ ಸುಮಾರು 170 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಸಿಎಂಸಿ ಮತ್ತು ಎಸ್‌ಬಿಆರ್ (ಒಂದು ಬಗೆಯ ಕೃತಕ ರಬ್ಬರ್) ಜೋಡಿ ಅತಿಯಾದ ಬಿಸಿಗೆ ಪೆಡಸಾಗಿ, ಎಲೆಕ್ಟ್ರೋಡನ್ನು ಸುತ್ತುವಾಗ ಬಿರುಕು ಬಿಡುತ್ತದೆ. ನಿರ್ವಾತ ಸರಿಯಾಗಿಲ್ಲದಿದ್ದರೆ ತಾಮ್ರದ ಹಾಳೆ ಆಕ್ಸಿಡೀಕರಣಗೊಂಡು ಬಣ್ಣಗೆಡುತ್ತದೆ. 80ರಿಂದ 120 ಡಿಗ್ರಿಯ ನಡುವೆ, ಒಳ್ಳೆಯ ನಿರ್ವಾತದಲ್ಲಿ, ರಾತ್ರಿಯಿಡೀ ಬಿಡುವುದು ಪ್ರಯೋಗಾಲಯಗಳಲ್ಲಿ ರೂಢಿಯಾಗಿರುವುದು ಈ ಕಾರಣಗಳಿಂದಲೇ.

ಕ್ಯಾಥೋಡ್ ಲೇಪ ಅಲ್ಯೂಮಿನಿಯಂ ಹಾಳೆಯಿಂದ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಬೈಂಡರ್ ಹೆಚ್ಚಿಸಲೇ?

ಮೊದಲು ಹಾಳೆಯನ್ನು ಅನುಮಾನಿಸಿ. ಅಲ್ಯೂಮಿನಿಯಂ ಹಾಳೆ ಉರುಳೆಗಳ ನಡುವೆ ತೆಳುವಾಗುವಾಗ ಬಳಸಿದ ಎಣ್ಣೆಯ ಅಂಶ ಮೇಲ್ಮೈಯಲ್ಲಿ ಉಳಿದಿರುವುದುಂಟು. ಪರೀಕ್ಷೆ ಸುಲಭ: ಮೇಲ್ಮೈ ಶಕ್ತಿಯನ್ನು ತಿಳಿಸುವ ಪರೀಕ್ಷಾ ಶಾಯಿಯಿಂದ ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಹಾಳೆ ಶುಚಿಯಾಗಿದ್ದರೆ ಗೆರೆ ಎಳೆದಂತೆಯೇ ನಿಲ್ಲುತ್ತದೆ; ಎಣ್ಣೆಯಿದ್ದರೆ ಅಂಚುಗಳು ಒಳಕ್ಕೆ ಸರಿದು, ಕ್ಷಣದಲ್ಲೇ ಗೆರೆ ಒಡೆದು ಸಾಲು ಹನಿಗಳಾಗುತ್ತದೆ. ನೀರು ಬಳಸಿ ಮಾಡಿದ ಸ್ಲರಿಯಂತೂ (ಲೇಪಿಸಲು ಪುಡಿ, ಬೈಂಡರ್ ಕಲಸಿದ ಹಸಿ ಮಿಶ್ರಣ) ಇಂಥ ಹಾಳೆಯ ಮೇಲೆ ಹರಡಲು ಒಪ್ಪುವುದೇ ಇಲ್ಲ.

ಇದಕ್ಕೆ ಕೊರೋನಾ ಅಥವಾ ಪ್ಲಾಸ್ಮಾ ಸಂಸ್ಕರಣೆ ಕೊಟ್ಟು ಎಣ್ಣೆಯ ಅಂಶವನ್ನು ತೆಗೆದು ಮೇಲ್ಮೈ ಶಕ್ತಿಯನ್ನು ಏರಿಸಬಹುದು. ಆದರೆ ಆ ಪರಿಣಾಮ ಶಾಶ್ವತವಲ್ಲ. ಗಾಳಿಯಲ್ಲಿನ ಸಾವಯವ ಅಂಶಗಳು ಮತ್ತೆ ಅಂಟಿಕೊಳ್ಳುವುದರಿಂದ ಸಂಸ್ಕರಣೆಯಾದ ಬೆನ್ನಿಗೇ ಲೇಪಿಸುವುದು ಒಳ್ಳೆಯದು. ಇನ್ನೊಂದು ದಾರಿ, ಸುಮಾರು ಒಂದು ಮೈಕ್ರೋಮೀಟರ್ ದಪ್ಪದ ಇಂಗಾಲದ ತಳಲೇಪ ಇರುವ ಹಾಳೆಯನ್ನು ಬಳಸುವುದು. ಇದು ಹಿಡಿತವನ್ನೂ ಹೆಚ್ಚಿಸುತ್ತದೆ, ಹಾಳೆಗೂ ಲೇಪಕ್ಕೂ ನಡುವಿನ ವಿದ್ಯುತ್ ರೋಧವನ್ನೂ ತಗ್ಗಿಸುತ್ತದೆ; ಎಲ್‌ಎಫ್‌ಪಿ ಸೆಲ್ಲುಗಳಲ್ಲಿ ಇದರ ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ. ಬೈಂಡರ್ ಹೆಚ್ಚಿಸುವುದು ಕೊನೆಯ ಉಪಾಯವಾಗಿರಲಿ, ಏಕೆಂದರೆ ಅದು ಶಕ್ತಿಯನ್ನು ಹಿಡಿದಿಡುವ ವಸ್ತುವಲ್ಲ.

ಕ್ಯಾಲೆಂಡರ್ ಯಂತ್ರದಲ್ಲಿ ಎಷ್ಟು ಒತ್ತಿದರೆ ಸರಿ?

ಒಣಗಿದ ಲೇಪದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಖಾಲಿ ಜಾಗವಿರುತ್ತದೆ. ಅದನ್ನು ಉರುಳೆಗಳ ನಡುವೆ ಒತ್ತಿ ಸಾಮಾನ್ಯವಾಗಿ ಶೇ. 25ರಿಂದ 40ಕ್ಕೆ ಇಳಿಸುತ್ತಾರೆ. ಕಡಿಮೆ ಒತ್ತಿದರೆ ಕಣಗಳ ನಡುವೆ ಸಂಪರ್ಕ ಸಾಲದು. ಹೆಚ್ಚು ಒತ್ತಿದರೆ ಅಯಾನುಗಳು ಸಾಗುವ ಹಾದಿ ಮುಚ್ಚುತ್ತದೆ, ಕ್ಯಾಥೋಡಿನ ಕಣಗಳು ಸೀಳಿ ಹೊಸ ಮೇಲ್ಮೈಗಳು ತೆರೆದುಕೊಳ್ಳುತ್ತವೆ. ಮೇಲ್ಮೈಗೆ ರಕ್ಷಣಾ ಪದರ ಕೊಟ್ಟ ಪುಡಿಯನ್ನು ಆಮೇಲೆ ಬಲವಾಗಿ ಒತ್ತಿದರೆ ಪದರ ಒಡೆದು ಶ್ರಮವೆಲ್ಲ ವ್ಯರ್ಥವಾಗುವ ಸಾಧ್ಯತೆಯನ್ನು ಬಹಳ ಮಂದಿ ಗಮನಿಸುವುದಿಲ್ಲ.

## ಮೇಲ್ಮೈಯ ಸಂಸ್ಕರಣೆ

ಎನ್‌ಎಂಸಿ 811 ಪುಡಿಯ ಸ್ಲರಿ ಕಲಸುತ್ತಿದ್ದಂತೆಯೇ ಅಂಟಂಟಾಗಿ ಗಟ್ಟಿಯಾಗಿಬಿಟ್ಟಿತು. ಪುಡಿ ಹಳಸಿದೆಯೇ?

ಹೆಚ್ಚುಕಡಿಮೆ ಹೌದು. ಎನ್‌ಎಂಸಿ 811 ಎಂಬುದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ 8:1:1 ಪ್ರಮಾಣದಲ್ಲಿರುವ ಕ್ಯಾಥೋಡ್ ಪುಡಿ. ಹೀಗೆ ನಿಕಲ್ ಹೆಚ್ಚಿರುವ ಕ್ಯಾಥೋಡ್ ಪುಡಿಗಳನ್ನು ತಯಾರಿಸುವಾಗ ಸ್ವಲ್ಪ ಹೆಚ್ಚುವರಿ ಲಿಥಿಯಂ ಹಾಕಿರುತ್ತಾರೆ; ಜೊತೆಗೆ ಪುಡಿಯನ್ನು ಗಾಳಿಯಲ್ಲಿ ಇಟ್ಟಾಗ ಒಳಗಿನ ಲಿಥಿಯಂ ಹೊರಬಂದು ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಕೂಡುತ್ತದೆ. ಕಣಗಳ ಮೇಲೆ ಲಿಥಿಯಂ ಹೈಡ್ರಾಕ್ಸೈಡ್ ಮತ್ತು ಲಿಥಿಯಂ ಕಾರ್ಬೊನೇಟ್ ಕೂರುತ್ತವೆ. ಇವು ಪ್ರಬಲ ಕ್ಷಾರೀಯ ಗುಣದವು. ಇಂಥ ಪುಡಿಯನ್ನು ನೀರಿನಲ್ಲಿ ಕಲಕಿದರೆ ಪಿಎಚ್ 11ನ್ನು ದಾಟುತ್ತದೆ. ಈ ಕ್ಷಾರ ಪಿವಿಡಿಎಫ್ ಸರಪಣಿಯಿಂದ ಹೈಡ್ರೋಜನ್ ಮತ್ತು ಫ್ಲೋರಿನ್ ಅನ್ನು ಕಿತ್ತುಹಾಕುವುದರಿಂದ ಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡು ಸ್ಲರಿ ಜೆಲ್ ಆಗುತ್ತದೆ.

ಪರಿಹಾರವಾಗಿ ಪುಡಿಯನ್ನು ನೀರಿನಲ್ಲಿ ತೊಳೆದು ಮತ್ತೆ ಹಲವು ನೂರು ಡಿಗ್ರಿ ಬಿಸಿಯಲ್ಲಿ ಕಾಯಿಸುವ ಕ್ರಮವಿದೆ. ಆದರೆ ನೀರು ಮೇಲಿನ ಕೊಳೆಯನ್ನಷ್ಟೇ ತೊಳೆದು ಸುಮ್ಮನಾಗುವುದಿಲ್ಲ. ಹರಳಿನೊಳಗಿನ ಲಿಥಿಯಂ ಅನ್ನು ಎಳೆದು ಅದರ ಜಾಗದಲ್ಲಿ ಪ್ರೋಟಾನನ್ನು ಕೂರಿಸುತ್ತದೆ. ಹಾಗೆ ಲಿಥಿಯಂ ಕಳೆದುಕೊಂಡ ಹೊರಪದರ ಮುಂದಿನ ಕಾಯಿಸುವಿಕೆಯಲ್ಲಿ ಅಯಾನುಗಳಿಗೆ ದಾರಿ ಕೊಡದ ಕಲ್ಲುಪ್ಪಿನ ಮಾದರಿಯ ರಚನೆಗೆ ತಿರುಗಿಬಿಡುತ್ತದೆ. ಆದ್ದರಿಂದ ಕಡಿಮೆ ನೀರು, ಕಡಿಮೆ ಹೊತ್ತು, ತಣ್ಣಗಿನ ತೊಳೆತ ಎಂಬುದು ನಿಯಮ. ನನಗೆ ಹೆಚ್ಚು ಮೆಚ್ಚುಗೆಯಾಗುವುದು ತೊಳೆಯದೆಯೇ ಬೋರಿಕ್ ಆಮ್ಲದಂಥದ್ದನ್ನು ಸೇರಿಸಿ ಕಾಯಿಸುವ ಮಾರ್ಗ. ಅಲ್ಲಿ ಉಪದ್ರವ ಕೊಡುತ್ತಿದ್ದ ಲಿಥಿಯಂ ಉಳಿಕೆಯೇ ಲಿಥಿಯಂ ಬೋರೇಟ್ ಎಂಬ ರಕ್ಷಣಾ ಪದರವಾಗಿ ಮಾರ್ಪಡುತ್ತದೆ.

ಗ್ರಾಫೈಟಿಗೆ ಯಾವ ಸಂಸ್ಕರಣೆ ಕೊಡುತ್ತಾರೆ?

ನೈಸರ್ಗಿಕ ಗ್ರಾಫೈಟಿನ ಚಪ್ಪಟೆ ಚೂರುಗಳನ್ನು ಮೊದಲು ಉರುಟಾಗಿಸುತ್ತಾರೆ, ಆಮೇಲೆ ಪಿಚ್ (ಡಾಂಬರಿನಂಥ ವಸ್ತು) ಲೇಪಿಸಿ ಕಾಯಿಸಿ, ಕ್ರಮರಹಿತ ಇಂಗಾಲದ ತೆಳು ಹೊದಿಕೆ ಬರುವಂತೆ ಮಾಡುತ್ತಾರೆ. ದ್ರಾವಕಕ್ಕೆ ತೆರೆದುಕೊಳ್ಳುವ ಮೇಲ್ಮೈ ಕಡಿಮೆಯಾಗುವುದರಿಂದ ಮೊದಲ ಆವರ್ತದ ನಷ್ಟವೂ ತಗ್ಗುತ್ತದೆ. ಗಾಳಿಯಲ್ಲಿ ಹದವಾಗಿ ಕಾಯಿಸಿ ಅಂಚುಗಳಲ್ಲಿನ ದುರ್ಬಲ ಇಂಗಾಲವನ್ನು ಸುಟ್ಟು ತೆಗೆಯುವ ವಿಧಾನವೂ ಇದೆ. ಹದ ಮೀರಿದರೆ ಮೇಲ್ಮೈ ಹೆಚ್ಚಾಗಿ ಪರಿಣಾಮ ತಿರುಗುಮುರುಗಾಗುತ್ತದೆ.

ಅಲ್ಯೂಮಿನಾ ವಿದ್ಯುತ್ತನ್ನು ಹರಿಯಲು ಬಿಡದ ವಸ್ತು. ಅದನ್ನು ಲೇಪಿಸಿದರೆ ಬ್ಯಾಟರಿ ಉತ್ತಮವಾಗುವುದು ಹೇಗೆ?

ದಪ್ಪವೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಎಎಲ್‌ಡಿ ಎಂಬ ಪರಮಾಣು ಪದರ ಲೇಪನ ವಿಧಾನದಲ್ಲಿ ಟ್ರೈಮೀಥೈಲ್ ಅಲ್ಯೂಮಿನಿಯಂ ಆವಿಯನ್ನೂ ನೀರಿನ ಆವಿಯನ್ನೂ ಸರದಿಯಂತೆ ಹರಿಸುತ್ತಾರೆ. ಒಂದು ಸರದಿಗೆ ಬೆಳೆಯುವುದು ಸುಮಾರು 0.1 ನ್ಯಾನೋಮೀಟರ್ ಮಾತ್ರ. ಒಂದೆರಡು ನ್ಯಾನೋಮೀಟರ್ ದಪ್ಪದ ಪದರ ಮೊದಲ ಚಾರ್ಜಿನಲ್ಲಿ ಲಿಥಿಯಂ ಹೀರಿಕೊಂಡು ಲಿಥಿಯಂ ಅಲ್ಯೂಮಿನೇಟ್ ಸ್ವರೂಪದ, ಅಯಾನುಗಳಿಗೆ ದಾರಿ ಕೊಡುವ ಪದರವಾಗುತ್ತದೆ. ಜೊತೆಗೆ ಎಲೆಕ್ಟ್ರೋಲೈಟಿನಲ್ಲಿ ಹುಟ್ಟುವ ಹೈಡ್ರೋಫ್ಲೋರಿಕ್ ಆಮ್ಲವನ್ನು ತಾನು ಹಿಡಿದುಕೊಂಡು ಕ್ಯಾಥೋಡಿನ ಲೋಹವನ್ನು ಉಳಿಸುತ್ತದೆ. ಇದೇ ಪದರ ಹತ್ತು ನ್ಯಾನೋಮೀಟರ್ ಆದರೆ ಬರೀ ಅಡ್ಡಗೋಡೆ.

ಪುಡಿಗೆ ಲೇಪಿಸುವುದೋ, ಸಿದ್ಧವಾದ ಎಲೆಕ್ಟ್ರೋಡಿಗೆ ಲೇಪಿಸುವುದೋ?

ಎಎಲ್‌ಡಿ ಆದರೆ ಸಿದ್ಧ ಎಲೆಕ್ಟ್ರೋಡಿಗೆ ಎಂದು ಹೇಳುತ್ತೇನೆ. ಪುಡಿಯ ಪ್ರತಿ ಕಣವನ್ನೂ ನಿರೋಧಕ ಪದರದಲ್ಲಿ ಸುತ್ತಿದರೆ, ಕಣದಿಂದ ಕಣಕ್ಕೆ ಹೋಗುವ ಇಲೆಕ್ಟ್ರಾನು ಎರಡು ಪದರಗಳನ್ನು ದಾಟಬೇಕು. ಲೇಪವನ್ನು ಹಚ್ಚಿ, ಒತ್ತಿದ ಮೇಲೆ ಪದರ ಕೊಟ್ಟರೆ, ಕಣಗಳು ಒಂದನ್ನೊಂದು ಮುಟ್ಟುವ ಜಾಗ ಹಾಗೆಯೇ ಉಳಿದು, ಎಲೆಕ್ಟ್ರೋಲೈಟ್ ತಲುಪುವ ಮೇಲ್ಮೈಗೆ ಮಾತ್ರ ರಕ್ಷಣೆ ಸಿಗುತ್ತದೆ. ಆದರೆ ಬೈಂಡರ್ ಆಗಲೇ ಒಳಗಿರುವುದರಿಂದ ಬಿಸಿ ಮಾಡುವುದಕ್ಕೆ ಮಿತಿಯಿದೆ. ಬೋರೇಟ್, ನಯೋಬೇಟ್‌ನಂತೆ ಹೆಚ್ಚು ಬಿಸಿಯಲ್ಲಿ ಕಾಯಿಸಬೇಕಾದ ಪದರಗಳಿಗೆ ಪುಡಿಯ ಹಂತವೇ ಗತಿ.

## ಮುಂಗಡ ಲಿಥಿಯಂ ತುಂಬುವುದು

ಪ್ರೀಲಿಥಿಯೇಶನ್ ಎಂದರೆ ಹೊರಗಿನಿಂದ ಲಿಥಿಯಂ ಸೇರಿಸುವುದೇ? ಯಾವ ವಿಧಾನ ಒಳ್ಳೆಯದು?

ಹೌದು. ಎಸ್‌ಇಐ ಪದರಕ್ಕೆ ಖರ್ಚಾಗುವ ಲಿಥಿಯಂ ಅನ್ನು ಕ್ಯಾಥೋಡಿನಿಂದ ಕಸಿದುಕೊಳ್ಳುವ ಬದಲು ಬೇರೆ ಮೂಲದಿಂದ ಮೊದಲೇ ಕೊಡುವುದು ಇದರ ತಿರುಳು. ಗ್ರಾಫೈಟಿನ ಸೈದ್ಧಾಂತಿಕ ಸಾಮರ್ಥ್ಯ ಗ್ರಾಮಿಗೆ 372 ಮಿಲಿಆಂಪಿಯರ್-ಅವರ್ ಆದರೆ ಲಿಥಿಯಂ ಲೋಹದ್ದು ಸುಮಾರು 3860. ಹಾಗಾಗಿ ಸೇರಿಸಬೇಕಾದ ಲೋಹದ ಪ್ರಮಾಣ ಬಹಳ ಕಡಿಮೆ.

ಆನೋಡಿನ ಮೇಲೆ ತೆಳುವಾದ ಲಿಥಿಯಂ ಹಾಳೆಯನ್ನು ಒತ್ತುವುದು, ಅಥವಾ ರಕ್ಷಣಾ ಪದರವಿರುವ ಲಿಥಿಯಂ ಪುಡಿಯನ್ನು ಉದುರಿಸಿ ಒತ್ತುವುದು ನೇರವಾದ ದಾರಿ. ಸಮವಾಗಿ ಹರಡುವುದು ಇದರ ಕಷ್ಟ. ವಿದ್ಯುತ್ ಹರಿಸಿ ತುಂಬುವ ದಾರಿಯಲ್ಲಿ ಪ್ರಮಾಣದ ಹಿಡಿತ ಅತ್ಯುತ್ತಮ, ಆದರೆ ನಿಧಾನ. ಲಿಥಿಯಂ ಬೈಫಿನೈಲ್ ಅಥವಾ ನ್ಯಾಫ್ಥಲಿನೈಡ್ ದ್ರಾವಣದಲ್ಲಿ ಆನೋಡನ್ನು ಅದ್ದಿ ತೆಗೆಯುವ ರಾಸಾಯನಿಕ ವಿಧಾನ ಸಮವಾಗಿಯೂ ಇರುತ್ತದೆ, ಬೇಗವೂ ಆಗುತ್ತದೆ. ಸಾದಾ ಬೈಫಿನೈಲ್ ದ್ರಾವಣದ ಅಪಕರ್ಷಣ ಶಕ್ತಿ ಸಿಲಿಕಾನ್ ಒಳಗೆ ಸಾಕಷ್ಟು ಲಿಥಿಯಂ ನೂಕುವಷ್ಟು ಇರುವುದಿಲ್ಲವಾದ್ದರಿಂದ ಮೀಥೈಲ್ ಗುಂಪುಗಳನ್ನು ಸೇರಿಸಿದ ರೂಪಗಳನ್ನು ಬಳಸುತ್ತಾರೆ. ಈಥರ್ ದ್ರಾವಕಗಳು ಗ್ರಾಫೈಟಿನ ಪದರಗಳೊಳಗೆ ಲಿಥಿಯಂ ಜೊತೆ ತಾವೂ ನುಗ್ಗುತ್ತವೆ ಎಂಬ ಎಚ್ಚರವೂ ಬೇಕು.

ಕಾರ್ಖಾನೆಯ ದೃಷ್ಟಿಯಿಂದ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಕ್ಯಾಥೋಡ್ ಸ್ಲರಿಗೆ ಲಿಥಿಯಂ ತುಂಬಿದ ಸಂಯುಕ್ತವನ್ನು ಬೆರೆಸುವ ದಾರಿ. ಲಿಥಿಯಂ ಐರನ್ ಆಕ್ಸೈಡಿನ ಐದು ಲಿಥಿಯಂಗಳ ರೂಪ ಸೈದ್ಧಾಂತಿಕವಾಗಿ ಗ್ರಾಮಿಗೆ 867 ಮಿಲಿಆಂಪಿಯರ್-ಅವರ್ ಲಿಥಿಯಂ ಬಿಟ್ಟುಕೊಡಬಲ್ಲದು. ಇರುವ ಯಂತ್ರಗಳಲ್ಲೇ ಕೆಲಸ ನಡೆಯುತ್ತದೆ. ಲಿಥಿಯಂ ಕೊಟ್ಟಾದ ಮೇಲಿನ ಉಳಿಕೆ ಸೆಲ್ಲಿನೊಳಗೆ ಹೊರೆಯಾಗಿ ಉಳಿಯುವುದು, ಹುಟ್ಟುವ ಅನಿಲವನ್ನು ಫಾರ್ಮೇಶನ್ ಹಂತದಲ್ಲೇ ಹೊರಹಾಕಬೇಕಾಗಿರುವುದು ಇದರ ಬೆಲೆ.

ಎನ್‌ಎಂಸಿ 811 ಮತ್ತು ಗ್ರಾಫೈಟ್ ಸೆಲ್ಲಿಗೆ ಕಷ್ಟಪಟ್ಟು ಮುಂಗಡ ಲಿಥಿಯಂ ತುಂಬಿದೆ. ಸಾಮರ್ಥ್ಯ ಒಂಚೂರೂ ಏರಲಿಲ್ಲ. ತಪ್ಪೆಲ್ಲಾಯಿತು?

ತಪ್ಪು ಕೆಲಸದಲ್ಲಿ ಇಲ್ಲದಿರಬಹುದು, ಲೆಕ್ಕದಲ್ಲಿ ಇರಬಹುದು. ಉದಾಹರಣೆಗೆ ಮೊದಲ ಚಾರ್ಜಿನಲ್ಲಿ ಕ್ಯಾಥೋಡ್ 100 ಭಾಗ ಲಿಥಿಯಂ ಬಿಟ್ಟುಕೊಟ್ಟಿತು, ಗ್ರಾಫೈಟ್ 8 ಭಾಗವನ್ನು ನುಂಗಿತು ಎಂದುಕೊಳ್ಳೋಣ, ಹಿಂತಿರುಗಬಲ್ಲದ್ದು 92. ಆದರೆ ನಿಕಲ್ ಹೆಚ್ಚಿರುವ ಕ್ಯಾಥೋಡಿಗೂ ತನ್ನದೇ ಮೊದಲ ಆವರ್ತದ ನಷ್ಟವಿದೆ. ಬಿಟ್ಟುಕೊಟ್ಟ 100ರಲ್ಲಿ ಸಾಮಾನ್ಯ ವೇಗದಲ್ಲಿ ಅದು ಮರಳಿ ಸ್ವೀಕರಿಸುವುದು 88 ಎನ್ನೋಣ. ಎಂದರೆ ಆನೋಡಿನಲ್ಲಿ ಆಗಲೇ 4 ಭಾಗ ಲಿಥಿಯಂ ಕೆಲಸವಿಲ್ಲದೆ ಉಳಿದಿದೆ. ನೀವು ಹೊರಗಿನಿಂದ ಸೇರಿಸಿದ್ದು ಆ ಉಳಿಕೆಗೆ ಸೇರಿತೇ ಹೊರತು ಸಾಮರ್ಥ್ಯಕ್ಕಲ್ಲ.

ಅದೇ ಆನೋಡಿನ ಎದುರು, 98 ಭಾಗವನ್ನು ಮರಳಿ ಸ್ವೀಕರಿಸಬಲ್ಲ ಎಲ್‌ಎಫ್‌ಪಿ ಇದ್ದಿದ್ದರೆ 6 ಭಾಗದ ಜಾಗ ಖಾಲಿ ಇರುತ್ತಿತ್ತು, ಮುಂಗಡ ಲಿಥಿಯಂ ನೇರವಾಗಿ ಸಾಮರ್ಥ್ಯವಾಗುತ್ತಿತ್ತು. ಎನ್‌ಎಂಸಿ 811 ಎದುರು 20 ಭಾಗ ನುಂಗುವ ಸಿಲಿಕಾನ್ ಆನೋಡ್ ಇದ್ದಿದ್ದರೆ 8 ಭಾಗದ ಲಾಭ ಸಿಗುತ್ತಿತ್ತು. ಆನೋಡಿನ ನಷ್ಟ ಕ್ಯಾಥೋಡಿನ ನಷ್ಟಕ್ಕಿಂತ ಎಷ್ಟು ಹೆಚ್ಚೋ, ಅಷ್ಟೇ ತಕ್ಷಣದ ಲಾಭ. ನಿಮ್ಮ ಸೆಲ್ಲಿನಲ್ಲಿ ಉಳಿದ ಲಿಥಿಯಂ ಮುಂದಿನ ಆವರ್ತಗಳ ನಷ್ಟವನ್ನು ತುಂಬುವ ಮೀಸಲಾಗಿ ಆಯುಷ್ಯವನ್ನು ಹೆಚ್ಚಿಸಬಹುದು. ಆದರೆ ಅದು ಆನೋಡಿನ ಜಾಗವನ್ನು ಆಕ್ರಮಿಸಿರುವುದರಿಂದ ಅತಿಯಾದರೆ, ಚಾರ್ಜಿನ ಕೊನೆಗೆ ಲಿಥಿಯಂ ಲೋಹವಾಗಿ ಮೇಲ್ಮೈಯಲ್ಲಿ ಕೂರುತ್ತದೆ. ಎರಡೂ ಎಲೆಕ್ಟ್ರೋಡುಗಳ ಸಾಮರ್ಥ್ಯದ ಅನುಪಾತವನ್ನು ಮತ್ತೆ ಹೊಂದಿಸದೆ ಮುಂಗಡ ಲಿಥಿಯಂ ತುಂಬುವುದು ಅಪಾಯ.

ಮುಂಗಡ ಲಿಥಿಯಂ ತುಂಬಿದರೆ ಸಿಲಿಕಾನ್ ಉಬ್ಬುವುದು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಪೂರ್ತಿ ಲಿಥಿಯಂ ತುಂಬಿದ ಸಿಲಿಕಾನ್ ತನ್ನ ಗಾತ್ರದ ಮೇಲೆ ಸುಮಾರು ಶೇ. 300ರಷ್ಟು ಹೆಚ್ಚುತ್ತದೆ; ಪ್ರತಿ ಆವರ್ತದಲ್ಲಿ ಪೊರೆ ಬಿರಿದು ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಮುಂಗಡ ಲಿಥಿಯಂ ಮೊದಲ ಬಾರಿಯ ನಷ್ಟವನ್ನು ತುಂಬಿಕೊಡುತ್ತದೆ ಅಷ್ಟೇ. ಉಬ್ಬುವಿಕೆಗೆ ಸಣ್ಣ ಕಣ, ಇಂಗಾಲದ ಆಸರೆ, ಹಿಗ್ಗಬಲ್ಲ ಬೈಂಡರ್, ಫ್ಲೋರೋಎಥಿಲೀನ್ ಕಾರ್ಬೊನೇಟಿನಂಥ ಸೇರ್ಪಡೆ, ಇವುಗಳನ್ನು ಬೇರೆಯಾಗಿಯೇ ನೋಡಬೇಕು.

## ವೇಗದ ಚಾರ್ಜಿಂಗ್ ಮತ್ತು ಅಳತೆ

ಆನೋಡಿನಲ್ಲಿ ಲೇಸರಿನಿಂದ ರಂಧ್ರ ಕೊರೆದರೆ ವಸ್ತು ನಷ್ಟವಾಗುವುದಿಲ್ಲವೇ? ಆದರೂ ಏಕೆ ಮಾಡುತ್ತಾರೆ?

ಕೆಲವು ಶೇಕಡಾ ವಸ್ತು ನಷ್ಟವಾಗುವುದು ನಿಜ. ಆದರೆ ಗ್ರಾಫೈಟ್ ಚೂರುಗಳು ಒತ್ತಿದಾಗ ಹಾಳೆಗೆ ಸಮಾನಾಂತರವಾಗಿ ಮಲಗುವುದರಿಂದ ಅಯಾನುಗಳು ಆಳಕ್ಕೆ ಇಳಿಯಲು ಸುತ್ತುದಾರಿ ಹಿಡಿಯಬೇಕಾಗುತ್ತದೆ. ವೇಗವಾಗಿ ಚಾರ್ಜ್ ಮಾಡಿದಾಗ ಲೇಪದ ಮೇಲ್ಭಾಗ ತುಂಬಿತುಳುಕುತ್ತಿದ್ದರೂ ತಳಭಾಗ ಅರೆಖಾಲಿಯಾಗಿರುತ್ತದೆ. ಮೇಲ್ಭಾಗದ ವೋಲ್ಟೇಜು ಸೊನ್ನೆಗಿಂತ ಕೆಳಗಿಳಿದು ಲಿಥಿಯಂ ಲೋಹ ಅಲ್ಲೇ ಕೂರತೊಡಗುತ್ತದೆ. ಹತ್ತಾರು ಮೈಕ್ರೋಮೀಟರ್ ಅಗಲದ ರಂಧ್ರಗಳು ಅಯಾನುಗಳಿಗೆ ನೇರ ದಾರಿ ಕೊಡುತ್ತವೆ. ಎಲೆಕ್ಟ್ರೋಲೈಟ್ ಒಳಗಿಳಿದು ನೆನೆಯುವ ಹೊತ್ತೂ ಕಡಿಮೆಯಾಗುತ್ತದೆ. ಸುತ್ತಲಿನ ಬೈಂಡರ್ ಸುಡಬಾರದೆಂದು ಅತಿ ಕಿರು ಅವಧಿಯ ಲೇಸರ್ ಮಿಡಿತಗಳನ್ನು ಬಳಸುತ್ತಾರೆ. ತೆಳುವಾದ ಎಲೆಕ್ಟ್ರೋಡಿಗೆ ಇದರ ಅಗತ್ಯವಿಲ್ಲ. ದಪ್ಪ ಲೇಪವನ್ನು ವೇಗವಾಗಿ ಚಾರ್ಜ್ ಮಾಡಬೇಕಾದಾಗ ಮಾತ್ರ ಸಾರ್ಥಕ.

ಘನ ಎಲೆಕ್ಟ್ರೋಲೈಟ್ ಬಂದರೆ ಈ ಕೆಲಸಗಳೆಲ್ಲ ತಪ್ಪುತ್ತವೆಯೇ?

ಕೆಲವು ತಪ್ಪುತ್ತವೆ, ಕೆಲವು ಹೆಚ್ಚಾಗುತ್ತವೆ. ಸಲ್ಫೈಡ್ ಮಾದರಿಯ ಘನ ಎಲೆಕ್ಟ್ರೋಲೈಟಿಗೆ ಕ್ಯಾಥೋಡ್ ಕಣ ನೇರವಾಗಿ ತಾಗಿದರೆ ನಡುವೆ ಹೆಚ್ಚು ರೋಧದ ವಲಯ ಹುಟ್ಟುತ್ತದೆ. ಲಿಥಿಯಂ ನಯೋಬೇಟಿನ ತೆಳು ಪದರ ಅಲ್ಲಿ ಹೆಚ್ಚುಕಡಿಮೆ ಕಡ್ಡಾಯ. ಗಾರ್ನೆಟ್ ಮಾದರಿಯ ಆಕ್ಸೈಡುಗಳ ಮೇಲೆ ಗಾಳಿಯಿಂದ ಕೂರುವ ಲಿಥಿಯಂ ಕಾರ್ಬೊನೇಟನ್ನು ತೆಗೆಯದಿದ್ದರೆ ಲಿಥಿಯಂ ಲೋಹ ಅದನ್ನು ಸರಿಯಾಗಿ ಮುಟ್ಟುವುದೇ ಇಲ್ಲ.

ಅರ್ಧ-ಸೆಲ್ಲಿನಲ್ಲಿ ಅದ್ಭುತವಾದ ಫಲಿತಾಂಶ ಬಂತು. ಪೂರ್ಣ ಸೆಲ್ಲಿನಲ್ಲಿ ಏನೂ ಇಲ್ಲ. ಯಾವುದನ್ನು ನಂಬಲಿ?

ಪೂರ್ಣ ಸೆಲ್ಲನ್ನು. ನಾಣ್ಯ ಗಾತ್ರದ ಅರ್ಧ-ಸೆಲ್ಲಿನಲ್ಲಿ ಎದುರಿಗಿರುವುದು ಲಿಥಿಯಂ ಲೋಹದ ಬಿಲ್ಲೆ. ನಿಮ್ಮ ಎಲೆಕ್ಟ್ರೋಡು ಪ್ರತಿ ಆವರ್ತದಲ್ಲಿ ಎಷ್ಟೇ ಲಿಥಿಯಂ ಹಾಳು ಮಾಡಿದರೂ ಆ ಬಿಲ್ಲೆ ಸದ್ದಿಲ್ಲದೆ ತುಂಬಿಕೊಡುತ್ತದೆ. ಎಲೆಕ್ಟ್ರೋಲೈಟ್ ಕೂಡ ಬೇಕಾದ್ದಕ್ಕಿಂತ ಹಲವು ಪಟ್ಟು ಇರುತ್ತದೆ. ಮಾರಾಟದ ಸೆಲ್ಲುಗಳಲ್ಲಿ ಅದು ಆಂಪಿಯರ್-ಅವರ್‌ಗೆ 2-3 ಗ್ರಾಂನ ಆಸುಪಾಸಿನಲ್ಲಿದ್ದರೆ ಹೆಚ್ಚು. ಲೇಪವೂ ಎಷ್ಟೋ ಸಲ ಚದರ ಸೆಂಟಿಮೀಟರಿಗೆ ಒಂದೆರಡು ಮಿಲಿಗ್ರಾಂ ಮಾತ್ರ. ಇಂಥ ಸ್ಥಿತಿಯಲ್ಲಿ ದೋಷಗಳು ಕಾಣಿಸಿಕೊಳ್ಳುವುದೇ ಇಲ್ಲ.

ಅರ್ಧ-ಸೆಲ್ ಬೇಡವೆಂದಲ್ಲ; ಎಲೆಕ್ಟ್ರೋಡಿನ ಸಾಮರ್ಥ್ಯ, ವೋಲ್ಟೇಜಿನ ಸ್ವರೂಪ, ಮೊದಲ ಆವರ್ತದ ದಕ್ಷತೆ ತಿಳಿಯಲು ಅದೇ ಸರಿ. ಆದರೆ ಪೂರ್ವಸಂಸ್ಕರಣೆಯಿಂದ ಆಯುಷ್ಯ ಹೆಚ್ಚಿತು ಎಂದು ಹೇಳಬೇಕಾದರೆ ನಿಜವಾದ ದಪ್ಪದ ಲೇಪ, ಮಿತವಾದ ಎಲೆಕ್ಟ್ರೋಲೈಟ್, ಸರಿಹೊಂದಿಸಿದ ಅನುಪಾತ ಇರುವ ಪೂರ್ಣ ಸೆಲ್ಲುಗಳಲ್ಲಿ, ಒಂದೇ ದಿನ ಒಂದೇ ಸ್ಲರಿಯಿಂದ ಮಾಡಿದ ಸಂಸ್ಕರಿಸದ ಎಲೆಕ್ಟ್ರೋಡಿನೊಡನೆ ಹೋಲಿಸಿ ತೋರಿಸಬೇಕು. ಹೋಲಿಕೆಗೆಂದು ಇಡುವ ಎಲೆಕ್ಟ್ರೋಡು, ಲೇಪನ ಯಂತ್ರದೊಳಗೆ ಹೋದದ್ದರಷ್ಟೇ ಹೊತ್ತು ಅದೇ ಉಷ್ಣತೆಯನ್ನೂ ನಿರ್ವಾತವನ್ನೂ ಕಂಡಿರಬೇಕು. ಹಾಗೆ ಮಾಡದಿದ್ದರೆ, ಪದರದಿಂದ ಬಂತೆಂದು ನೀವು ತಿಳಿದ ಲಾಭ ಬರೀ ಹೆಚ್ಚುವರಿ ಒಣಗಿಸುವಿಕೆಯಿಂದ ಬಂದದ್ದೇ ಎಂಬುದನ್ನು ತಿಳಿಯುವ ದಾರಿಯೇ ಇರುವುದಿಲ್ಲ.